ಹಲಗೆಯಿಂದ ಅಳಿಸಿಹೋದ ಹದಿನಾಲ್ಕು

ಮನೆಯಿಂದ,
ಏಪ್ರಿಲ್ 17, ಶುಕ್ರವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಮಾಸ್ಕಿನ ದಾರ ಒತ್ತಿ ಕಿವಿಯ ಹಿಂದೆ ಆಗಿದ್ದ ಗಾಯ ಒಣಗಿತೇ? ನಿನ್ನ ವಾರ್ಡಿನೊಳಗೆ ಫೋನ್ ಬಿಡುವುದಿಲ್ಲವೆಂದು, ಆಸ್ಪತ್ರೆಗೆ ದಿನವೂ ಬರುವ ಔಷಧಿ ಅಂಗಡಿಯವರ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಇಂದು ಬೆಳಗ್ಗೆ ವಾಕಿಂಗ್ ಹಲಗೆಯಿಂದ ನಮ್ಮ ಮನೆಯ ನಂಬರು, ಹದಿನಾಲ್ಕು, ಮತ್ತೆ ಅಳಿಸಿಹೋಗಿದೆ. ಇದು ನಾಲ್ಕನೆಯ ದಿನ. ವರದಿ ಮಾಡಿದವರು ಎದುರುಮನೆಯ ಟೈಲರ್. ಹಲಗೆ ಇರುವುದು ಅವರ ಮುಚ್ಚಿದ ಅಂಗಡಿಯ ಗೋಡೆಯ ಮೇಲೆಯೇ. ಲಾಕ್‌ಡೌನಿನಲ್ಲಿ ಎಲ್ಲರೂ ಒಟ್ಟಿಗೆ ರಸ್ತೆಗಿಳಿಯಬಾರದೆಂದು ಬೀದಿಯವರು ಮಾಡಿಕೊಂಡ ಏರ್ಪಾಡು ಇದು: ಮನೆಗೆ ಅರ್ಧ ಗಂಟೆ, ನೀರಿನ ಟ್ಯಾಂಕಿನವರೆಗೆ ಹೋಗಿ ಬರುವುದು. ಮಾರನೆಯ ದಿನದ ಸರದಿಯನ್ನು ಪಕ್ಕದ ಮನೆಯ ಮಹಡಿಯ ಮೇಷ್ಟ್ರು ಸಂಜೆಯೇ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ನಂಬರಿಲ್ಲದವರು ಹೊರಡುವಂತಿಲ್ಲ. ಬೀದಿಯ ಮರಗಳೆಲ್ಲ ಚಿಗುರಿವೆ, ನಾನು ಮಾತ್ರ ಕಿಟಕಿಯಿಂದ ನೋಡುತ್ತಿದ್ದೇನೆ. “ಏನ್ ಸ್ವಾಮಿ, ನಿಮ್ಮ ಮನೆ ಬೀದಿಯಲ್ಲಿದೆಯೋ ಇಲ್ಲವೋ?” ಎಂದು ಟೈಲರ್ ಬೇರೆ ನಗುತ್ತಾರೆ.

ನನ್ನ ಅನುಮಾನ ಮೇಷ್ಟ್ರ ಮೇಲೆ. ನೀನು ಭಾನುವಾರ ರಜೆಯ ಮೇಲೆ ಬರುತ್ತೀಯೆಂದು ಸೋಮವಾರ ಅವರಿಗೆ ಹೇಳಿದ್ದೆ. ಮಂಗಳವಾರದಿಂದ ನಂಬರು ಮಾಯ. ಕೇಳಿದರೆ, “ನಾನು ಬರೆಯೋನು ಸ್ವಾಮಿ, ಅಳಿಸೋನಲ್ಲ,” ಎಂದು ಮುಖ ತಿರುಗಿಸಿದರು. ಇಂದು ವಾಕಿಂಗ್, ಭಾನುವಾರ ನೀನು. ಸೋಂಕಿನ ವಾರ್ಡಿನ ನರ್ಸ್ ಬೀದಿಗೆ ಬರಬಾರದೆಂದು ಮೊದಲೇ ದಾರಿ ಮಾಡುತ್ತಿದ್ದಾರೆ ಎನಿಸುತ್ತದೆ. ಆದರೆ ಮೂವತ್ತು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವನು ಊಹೆಯನ್ನು ಸುದ್ದಿ ಮಾಡಬಾರದು. ಅದಕ್ಕೇ ಇಂದು ಐದು ಗಂಟೆಯಿಂದ ಕಿಟಕಿ ಬಿಟ್ಟು ಏಳಲಿಲ್ಲ. ಹೊಸ ಚಿಗುರು ಅಡ್ಡ ಬಂದು ಹಲಗೆ ಕಾಣದಿದ್ದರೂ ಬೀದಿ ಕಾಣುತ್ತದೆ. ಹಾಲಿನ ಗಾಡಿ ಬಂದು ಹೋಯಿತು, ನಿನ್ನಮ್ಮ ಕಸ ಇಟ್ಟು ಬಂದಳು, ಇನ್ನಾರೂ ಇಳಿಯಲಿಲ್ಲ. ಆದರೂ ಆರಕ್ಕೆ ಟೈಲರ್ ನೋಡಿದಾಗ ಹದಿನಾಲ್ಕು ಇರಲಿಲ್ಲವಂತೆ. ಟೈಲರೂ ಇದರಲ್ಲಿ ಸೇರಿರಬಹುದು.

ನಿನ್ನಮ್ಮನಿಗೆ ಇದಾವುದೂ ದೊಡ್ಡದಲ್ಲ. “ನಾಲ್ಕು ದಿನ ನಡೀದಿದ್ರೆ ಕಾಲಿಗೇನು ತುಕ್ಕು ಹಿಡಿಯುತ್ತಾ?” ಅನ್ನುತ್ತಾಳೆ. ಈಚೆಗೆ ಅವಳು ಹೊಲಿಗೆ ಮಿಷನ್ನಿನ ಕೋಣೆಯಲ್ಲಿ ಮಲಗುತ್ತಾಳೆ, ನನ್ನ ಗೊರಕೆ ಜಾಸ್ತಿಯಾಗಿದೆಯಂತೆ. ತಟ್ಟೆಯನ್ನೂ ಅಲ್ಲಿಗೇ ಒಯ್ಯುತ್ತಾಳೆ. ನಾಳೆ ಸಂಜೆ ಕಿಟಕಿಯಿಂದಲೇ ಬೀದಿಯವರಿಗೆ ಓದಿ ಹೇಳಲು ಒಂದೂವರೆ ಪುಟದ ದೂರು ಬರೆದಿಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ

ಮರೆತ ಮಾತು: ದೂರನ್ನು ಹರಿದುಹಾಕಿದೆ. ಲಕೋಟೆಗೆ ಅಂಟು ಹುಡುಕಿಕೊಂಡು ಹೊಲಿಗೆ ಕೋಣೆಗೆ ಹೋದೆ. ಬಾಗಿಲ ಹಿಂದೆ ಒಂದು ಒದ್ದೆ ಬಟ್ಟೆ ಇತ್ತು, ಅದರ ತುಂಬ ಸೀಮೆಸುಣ್ಣದ ಬಿಳಿ. “ಒಳಗೆ ಬರಬೇಡಿ,” ಎಂದು ನಿನ್ನಮ್ಮ ಕೆಮ್ಮಿದಳು. ಸೋಮವಾರ ರಾತ್ರಿಯಿಂದ ಜ್ವರವಂತೆ. ನಾನು ಹೊರಗೆ ಹೋಗಿ ನಾಲ್ಕು ಜನಕ್ಕೆ ಸೋಂಕು ಹಚ್ಚಬಾರದೆಂದು ಕಸ ಇಡಲು ಹೋದಾಗ ನಂಬರು ಒರೆಸುತ್ತಿದ್ದಳು. ಹೇಳಲಿಲ್ಲವೇಕೆ ಎಂದರೆ, “ಹೇಳಿದ್ರೆ ಎಲ್ರೂ ನಮ್ಮ ಮಗಳ ಕಡೆ ಬೊಟ್ಟು ಮಾಡ್ತಿದ್ರು.” ನೀನು ಕೊನೆಯ ಸಲ ಮನೆಗೆ ಬಂದು ನಲವತ್ತು ದಿನವಾಯಿತೆಂದು ಯಾರೂ ಎಣಿಸುವುದಿಲ್ಲ ಎಂಬುದು ಅವಳ ವಾದ. ನಾನೂ ತಪ್ಪು ಜನರ ಕಡೆಗೇ ಬೊಟ್ಟು ಮಾಡಿದ್ದೆನಲ್ಲ. ಈಗ ಜ್ವರ ನೂರಾ ಒಂದು, ಉಸಿರು ಸರಾಗವಾಗಿದೆ. ಮೇಷ್ಟ್ರಿಗೆ ಕಿಟಕಿಯಿಂದಲೇ ಹೇಳಿದೆ. ತಕ್ಷಣ ಕಿಟಕಿ ಮುಚ್ಚಿಕೊಂಡರು. ಹತ್ತು ನಿಮಿಷದಲ್ಲಿ ಫೋನ್ ಮಾಡಿ, ಸೋಂಕಿನ ಪರೀಕ್ಷೆಗೆ ನಮ್ಮ ಹೆಸರು ಬರೆಸಿರುವುದಾಗಿ ತಿಳಿಸಿದರು. ಭಾನುವಾರ ಬರಬೇಡ. ಈ ಪತ್ರ ಓದಿದ ಮೇಲೆ ಕೈ ತೊಳೆದುಕೋ. ಪರೀಕ್ಷೆಯ ಗಾಡಿ ನಾಳೆ ಬೆಳಗ್ಗೆ ಒಂಬತ್ತೂವರೆಗೆ ನೀರಿನ ಟ್ಯಾಂಕಿನ ಬಳಿ ಬರುತ್ತದೆ. ನಮ್ಮಿಬ್ಬರದು ಮೂರನೆಯ ಸರದಿ.