ಹೊಟ್ಟು ತುಂಬಿದ ಗೋಡೆ

4 ಫೆಬ್ರುವರಿ 1979, ರವಿವಾರ. ಗಂಗಾವತಿ

ಹಾಲು ಉಕ್ಕಿತು. ಇವತ್ತೂ. ಹೆಂಡತಿ ಬದುಕಿದ್ದಾಗ ನಮ್ಮ ಮನೆಯಲ್ಲಿ ಹಾಲು ಉಕ್ಕಿದ್ದು ನೋಡಿಲ್ಲ... ಅಥವಾ ನಾನು ಒಲೆಯ ಕಡೆ ನೋಡಿಯೇ ಇಲ್ಲ.

ಎಲಬುರ್ಗಾದಿಂದ ಬೀಗರು ಬಂದಿದ್ದರು, ಕುಬೇರಪ್ಪ, ನನ್ನ ಮಗಳ ಮಾವ. ಮಗಳು ಹುಲಗೆಮ್ಮನಿಗೆ ಏಳನೇ ತಿಂಗಳು ಬಿದ್ದಿದೆ. ಚೊಚ್ಚಲು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಆದರೆ ತವರೆಂದರೆ ಈಗ ಈ ಹಲಗೆ ಮನೆ. ಕೆನಾಲ್ ಕ್ಯಾಂಪ್ ಕಿತ್ತಾಗ ಹರಾಜಿನಲ್ಲಿ ಹಿಡಿದ ಇಂಜಿನಿಯರ್ ಕ್ಯಾಬಿನ್. ಕಟ್ಟಿಗೆಯ ಗೋಡೆ, ಒಂದೇ ಪದರ. ಬೇಸಿಗೆಯಲ್ಲಿ ಒಳಗೆ ಕೂತರೆ ಮನುಷ್ಯ ರೊಟ್ಟಿಯ ಹಾಗೆ ಬೇಯುತ್ತಾನೆ.

“ಬೀಗರ, ಸಿಟ್ಟಾಗಬ್ಯಾಡ್ರಿ,” ಅಂದರು. “ಈ ಪೆಟಿಗ್ಯಾಗ ಎಮ್ಮಿ ಕಟ್ಟಿದ್ರ ಹಗ್ಗ ಹರಕೊಂಡು ಹೋಗತೈತಿ.”

“ಎಮ್ಮಿ ಕಟ್ಟಾಂಗಿಲ್ರಿ. ಮಗಳನ್ನ ಕರಿಸ್ತೀನಿ.”

“ಅದಕ್ಕ ಹೇಳಿದ್ದು. ನಮ್ಮದು ಮಣ್ಣಿನ ಮಾಳಗಿ, ತಂಪೈತಿ. ಅಲ್ಲೇ ಆಗ್ಲಿ ಬಿಡ್ರಿ.”

ಆಗಲಿ ಅನ್ನಲಿಕ್ಕೆ ಆಗಲಿಲ್ಲ. ಸಂಕ್ರಾಂತಿಗೆ ಹೋದಾಗ ಹುಲಗೆಮ್ಮ ಬಸ್ಸಿನವರೆಗೆ ಬಂದು ಮೆಲ್ಲಗೆ ಹೇಳಿದ್ದಳು: “ಅಪ್ಪಾ, ನಾ ಇಲ್ಲಿ ಹಡಿಯಂಗಿಲ್ಲ. ಅತ್ತಿ ನೀರು ಕೇಳಿದ್ರೂ ಲೆಕ್ಕ ಕೇಳ್ತಾಳ. ನನ್ನ ಕರಕೊಂಡು ಹೋಗು.” ನಾನು ಹೂಂ ಅಂದಿದ್ದೆ.

ಕೊನೆಗೆ ಒಂದು ಮಾತಿಗೆ ಒಪ್ಪಿದರು. ಯುಗಾದಿ ಆದ ಮೇಲೆ, ಬಿಸಿಲು ಏರಿದಾಗ, ಬಂದು ಮಧ್ಯಾಹ್ನ ಒಳಗೆ ಕೂರುತ್ತಾರೆ. ಕೂರಲಿಕ್ಕಾದರೆ ಕಳಿಸುತ್ತಾರೆ. ಒಂದು ಥರ ಎಕ್ಸಾಮಿನೇಶನ್. ನನಗಲ್ಲ, ಗೋಡೆಗೆ.

11 ಫೆಬ್ರುವರಿ

ಗ್ಲಾಸ್ ವುಲ್ ಅಂತ ಒಂದು ಇದೆ, ಗಾಜಿನ ಉಣ್ಣೆ, ಬಿಸಿ ತಡೆಯಲು ಐಸ್ ಫ್ಯಾಕ್ಟರಿಯವರು ಗೋಡೆಗೆ ಹಾಕುತ್ತಾರೆ. ಹುಬ್ಬಳ್ಳಿಗೆ ಹೋಗಿ ಬೆಲೆ ಕೇಳಿ ಚಹಾ ಕೂಡ ಕುಡಿಯದೆ ಬಂದೆ. ಪೆನ್ಶನ್ ಎಷ್ಟು, ಉಣ್ಣೆ ಎಷ್ಟು.

ಬಸ್ಸಿನಲ್ಲಿ ಇಂಟರ್ ಕ್ಲಾಸಿನ ಫಿಜಿಕ್ಸ್ ನೆನಪಾಯಿತು. ಏರ್ ಈಸ್ ಎ ಬ್ಯಾಡ್ ಕಂಡಕ್ಟರ್ ಆಫ್ ಹೀಟ್, ಪ್ರೊವೈಡೆಡ್— ಪ್ರೊವೈಡೆಡ್ ಏನು? ಕುಷ್ಟಗಿ ಕ್ರಾಸ್‌ವರೆಗೂ ಯೋಚಿಸಿದೆ. ಗಾಳಿ ಅಲುಗಾಡದಿದ್ದರೆ ಬಿಸಿ ದಾಟಿಸುವುದಿಲ್ಲ, ಅದೇ ಇರಬೇಕು. ಗಾಳಿಯನ್ನು ಅಲುಗಾಡದಂತೆ ಹಿಡಿದಿಡುವ ಅಗ್ಗದ ವಸ್ತು ಏನಿದೆ ನಮ್ಮಲ್ಲಿ?

ಭತ್ತದ ಹೊಟ್ಟು. ಕಾರಟಗಿ ಮಿಲ್ಲುಗಳ ಹಿಂದೆ ಗುಡ್ಡ ಗುಡ್ಡ ಬಿದ್ದಿದೆ, ಒಯ್ದರೆ ಪುಣ್ಯ ಅನ್ನುತ್ತಾರೆ.

26 ಫೆಬ್ರುವರಿ

ಬೆನ್ನು ನೋವು. ಮಲಗುವ ಕೋಣೆಯ ಕಂಬಗಳಿಗೆ ಒಳಗಿನಿಂದ ಬಿದಿರ ತಟ್ಟಿ ಬಡಿದಿದ್ದೇನೆ. ಹಲಗೆಗೂ ತಟ್ಟಿಗೂ ನಡುವೆ ನಾಲ್ಕು ಬೆರಳು ಸಂದು. ಹೊಟ್ಟು ಸೋರದಂತೆ ತಟ್ಟಿಗೆ ಹಳೆಯ ಗೋಣಿ ಹೊಲಿದೆ. ಇಲಿ, ಗೆದ್ದಲು ಬರದಂತೆ ಸುಣ್ಣದ ಪುಡಿ, ಒಣ ಬೇವಿನ ಸೊಪ್ಪು ಬೆರೆಸಿದ ಹೊಟ್ಟನ್ನು ಆ ಸಂದಿಗೆ ಮೇಲಿನಿಂದ ಸುರಿಯುವುದು.

ಎದುರು ಮನೆಯ ಮಕ್ಬುಲಸಾಬ ಕಾರಟಗಿ ಮಿಲ್ಲಿನಲ್ಲಿ ಹಮಾಲ. ಹೊಟ್ಟಿನ ಚೀಲಗಳನ್ನು ಲಾರಿಯಲ್ಲಿ ಹಾಕಿಸಿ ತಂದುಕೊಟ್ಟ. ನಿಂತು ನೋಡಿದ.

“ಗೋಡಿಗೆ ಉಣ್ಣಾಕ ಹಾಕಾಕತ್ತೀರೇನ್ರಿ ಸಾಹೇಬ್ರ?”

“ಉಣ್ಣಲಿ ಬಿಡೋ. ಹಸಿದೈತಿ.”

6 ಮಾರ್ಚ್

ಹೊಟ್ಟು ಕುಸಿಯುತ್ತದೆ. ತುಂಬಿದ ಮೂರನೇ ದಿನಕ್ಕೆ ಮೇಲೆ ಗೇಣು ಖಾಲಿ. ಕೋಲಿನಿಂದ ತಟ್ಟಿ ತಟ್ಟಿ ಮತ್ತೆ ಸುರಿದೆ. ಮತ್ತೆ ಕುಸಿಯಿತು. ಆ ಖಾಲಿ ಜಾಗದಿಂದಲೇ ಬಿಸಿ ಒಳಗೆ ಬರುತ್ತದೆ ಎಂದು ಚಿಂತೆ. ಊಟ ಸೇರುತ್ತಿಲ್ಲ. ಮೂಗಿನಲ್ಲೆಲ್ಲ ಹೊಟ್ಟಿನ ಧೂಳು.

1 ಏಪ್ರಿಲ್, ರವಿವಾರ, ಸಂಜೆ

ಹೊಟ್ಟು ಕುಸಿಯುವುದು ಹೋದ ವಾರ ನಿಂತಿತು. ಇವತ್ತು ಕುಬೇರಪ್ಪ ಬಂದರು. ಹೊರಗೆ ಕಾಲಿಟ್ಟರೆ ಚಪ್ಪಲಿ ಅಂಟುವ ಬಿಸಿಲು. ಕೋಣೆಯಲ್ಲಿ ಚಾಪೆ ಹಾಸಿದೆ. ಗೋಡೆಗೆ ಬೆನ್ನು ಕೊಟ್ಟು ಕೂತರು. ನೀರು ತರಲು ಹೋಗಿ ಬರುವಷ್ಟರಲ್ಲಿ ಗೊರಕೆ.

ಎದ್ದು ಮೀಸೆ ಒರೆಸಿಕೊಂಡು ಅಂದರು: “ನಾ ಏನ್ ಮಲಗಿದ್ದಿಲ್ರಿ. ಕಣ್ಣು ಮುಚ್ಚಿ ನೋಡಾಕತ್ತಿದ್ದೆ.”

“ಏನ್ ಕಂಡ್ರಿ?”

“ಮುಂದಿನ ರವಿವಾರ ಕಳಸ್ತೀನಿ.”

ಪಾಸ್. ಫಸ್ಟ್ ಕ್ಲಾಸ್.

8 ಏಪ್ರಿಲ್

ಹುಲಗೆಮ್ಮ ಬಂದಳು. ಮುಖ ಬಿಳಚಿದೆ, ಕಾಲು ಬಾತಿವೆ. ಕೋಣೆಗೆ ಹೋಗಿ ಹೊರಸಿನ ಮೇಲೆ ಮಲಗಿದವಳು ಸಂಜೆಯವರೆಗೂ ಏಳಲಿಲ್ಲ. ಇಷ್ಟು ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ.

10 ಏಪ್ರಿಲ್, ಬೆಳಿಗ್ಗೆ 11

ಬರೆದರೆ ಸ್ವಲ್ಪ ಸಮಾಧಾನವಾದೀತು...

ಮಕ್ಬುಲಸಾಬನ ಹೆಂಡತಿ ಹಜರತಬೀ ಬಾಣಂತನ ಮಾಡಲಿಕ್ಕೆ ಒಪ್ಪಿದ್ದಾಳೆ. ಈ ಓಣಿಯ ಅರ್ಧ ಮಕ್ಕಳಿಗೆ ಅವಳೇ ನೀರು ಹಾಕಿದ್ದು. ಈಗ ಬುಟ್ಟಿ ತುಂಬ ಕುಳ್ಳು, ಒಣ ಬೆರಣಿ, ಹೊತ್ತು ತಂದು ಅಂಗಳದಲ್ಲಿ ಇಳಿಸಿದಳು.

“ಇದ್ಯಾಕವ್ವಾ?”

“ಬಾಣಂತಿಗ್ರಿ. ಹೊರಸಿನ ಕೆಳಗ ಬೆಂಕಿ ಬ್ಯಾಡೇನು? ಮೂರು ಹೊತ್ತು ಕಾಸಬೇಕು, ಲೋಬಾನ ಹಾಕಬೇಕು. ಒಳಗ ಕೆಂಡದ ಬೋಗುಣಿ ಇಡಾಕ ಜಾಗ ನೋಡಿ ಹೋಗ್ತೀನಿ.”

ಒಳಗೆ ಹೋದಳು. ಹೊಟ್ಟು ತುಂಬಿದ ಗೋಡೆಗೆ ಅಂಟಿದ ಮೂಲೆ ತೋರಿಸಿದಳು. “ಇಲ್ಲೆ ಛಲೋ ಐತಿ.”

ಬೇಸಿಗೆ ಎಂದರೆ ಬಿಸಿಲು, ಅಷ್ಟೇ ಯೋಚಿಸಿದ್ದೆ. ಬಾಣಂತಿಗೆ ಬೆಂಕಿ ಎಂಬುದು ಯಾಕೆ ನೆನಪಾಗಲಿಲ್ಲ? ಹುಲಗೆಮ್ಮ ಹುಟ್ಟಿದಾಗ ನಾನು ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಹೊಗೆ ಬರುತ್ತಿದ್ದುದು ಮಾತ್ರ ಕಂಡಿದ್ದೆ. ಈಗ ಮಗಳ ಸುತ್ತ ನಾಲ್ಕೂ ಕಡೆ ಒಣ ಹೊಟ್ಟು, ಗೋಣಿ, ಬಿದಿರು ಕೂಡಿಸಿಟ್ಟಿದ್ದೇನೆ. ಒಂದು ಕಿಡಿ ಸಾಕು.

11 ಏಪ್ರಿಲ್

ಹಿತ್ತಲಲ್ಲಿ ಪರೀಕ್ಷೆ ಮಾಡಿದೆ. ಉಳಿದ ತಟ್ಟಿಯ ತುಂಡಿಗೆ ಗೋಣಿ ಕಟ್ಟಿ, ಹೊಟ್ಟು ತುಂಬಿ, ಒಂದು ಕೆಂಡ ಇಟ್ಟೆ. ಗೋಣಿ ಭಗ್ಗನೆ ಹತ್ತಿತು. ಹೊಟ್ಟು ಉರಿಯಲಿಲ್ಲ. ಒಳಗೊಳಗೇ ಕೆಂಪಗೆ ಹಬ್ಬುತ್ತ ಹೋಗುತ್ತಿತ್ತು, ಹೊರಗೆ ಏನೂ ಕಾಣದೆ. ನೀರು ಸುರಿದ ಮೇಲೂ ಒಂದು ಗಂಟೆ ಹೊಗೆ.

ಹೇಳಿದರೆ ಮಾತು ಎಲಬುರ್ಗಾ ಮುಟ್ಟುತ್ತದೆ. ಕುಬೇರಪ್ಪ ಗಾಡಿ ತಂದು ಕರೆದೊಯ್ಯುತ್ತಾರೆ. ಹೇಳದಿದ್ದರೆ... ಹೊಟ್ಟು ಕಿತ್ತುಹಾಕಿದರೆ ಕೋಣೆ ಮತ್ತೆ ಹೆಂಚು. ವಾಟ್ ಈಸ್ ಟು ಬಿ ಡನ್. ಕಾಲೇಜಿನಲ್ಲಿ ಇದನ್ನೇ ಬರೆದು ಪೇಪರು ಕೊಟ್ಟು ಎದ್ದು ಬಂದಿದ್ದೆ ಒಮ್ಮೆ. ಈಗ ಎದ್ದು ಹೋಗಲಿಕ್ಕೆ ಎಲ್ಲಿಗೆ.

12 ಏಪ್ರಿಲ್

ಹುಲಗೆಮ್ಮನಿಗೂ ಹಜರತಬೀಗೂ ಹೇಳಿದೆ. ಹುಲಗೆಮ್ಮ ಗೋಡೆಯನ್ನೇ ನೋಡುತ್ತ ಕೂತಳು. ಹಜರತಬೀ ಎದ್ದು ತಟ್ಟಿಗೆ ಕಿವಿ ಹಚ್ಚಿ ಬಡಿದು ನೋಡಿದಳು.

“ಅಲ್ರೀ ಸಾಹೇಬ್ರ, ಮಗಳಿಗೆ ಕ್ವಾಣಿ ಕಟ್ಟೀರೋ ಒಲಿ ಕಟ್ಟೀರೋ?”

“ಬೆಂಕಿ ಬಿಟ್ಟು ಬಾಣಂತನ ಆಗಂಗಿಲ್ಲೇನವ್ವಾ?”

“ನಾಳೆ ಆಕಿಗೆ ಥಂಡಿ ಹತ್ತಿ ಸನ್ನಿ ಆದ್ರ ಜನ ನನ್ನ ಬೈತಾರ್ರಿ, ನಿಮ್ಮ ಇಂಗ್ಲೀಷನ್ನ ಬೈಯಂಗಿಲ್ಲ.”

ಹುಲಗೆಮ್ಮ ಆಗ ಬಾಯಿ ಬಿಟ್ಟಳು. “ಚಿಗವ್ವಾ, ಈ ಮಾತು ನಮ್ಮ ಮಾವನ ತನಕ ಹೋಗಬಾರ್ದು. ನಾ ತಿರುಗಿ ಹೋಗಂಗಿಲ್ಲ. ಸುಟ್ರ ಇಲ್ಲೇ ಸುಡ್ಲಿ.”

“ಥೂ, ಬಿಡ್ತು ಅನ್ನು,” ಅಂದಳು ಹಜರತಬೀ. ಯಾರಿಗೂ ಹೇಳುವುದಿಲ್ಲ ಎಂದು ಕುಳ್ಳಿನ ಬುಟ್ಟಿಯ ಮೇಲೆ ಕೈ ಇಟ್ಟು ಆಣೆ ಮಾಡಿದಳು. ಮಗಳ ಆ ಮಾತು ನನ್ನ ಕಿವಿಯಿಂದ ಹೋಗುತ್ತಿಲ್ಲ.

13 ಏಪ್ರಿಲ್, ಮುಂಜಾನೆ

ಕೆನಾಲಿಗೆ ನೀರು ಬಂದ್ ಇದೆ. ತಳದಲ್ಲಿ ಕರಿ ಅಂಟುಮಣ್ಣು ಬಿರುಕು ಬಿಟ್ಟು ಬಿದ್ದಿದೆ. ಏರಿ ಸೋರಿದಾಗ ಇದೇ ಮಣ್ಣು ತುಳಿಸಿ ಮೆತ್ತಿಸುತ್ತಿದ್ದೆವು, ಪಡಲ್ ಕ್ಲೇ ಅಂತ. ಕೆನಾಲ್ ಇಲಾಖೆಯ ಮೂವತ್ತು ವರ್ಷದ ಸರ್ವಿಸ್ಸಿನಲ್ಲಿ ನನಗೆ ಸರಿಯಾಗಿ ಬರುತ್ತಿದ್ದದ್ದು ಅದೊಂದೇ. ತಟ್ಟಿಯ ಮೇಲೆ ಎರಡು ಬೆರಳು ದಪ್ಪ ಮೆತ್ತಿದರೆ ಕಿಡಿ ತಾಗುವುದಿಲ್ಲ. ಮಣ್ಣು ತರಲು ಮರಳಿ ಎಂಬ ಊರಿನ ಕಡೆಯಿಂದ ಗಾಡಿ ಹೇಳಿದ್ದೇನೆ.

17 ಏಪ್ರಿಲ್

ಮಣ್ಣು, ಸಗಣಿ, ಕತ್ತರಿಸಿದ ಹುಲ್ಲು. ನಾನು ತುಳಿದೆ, ಮಕ್ಬುಲಸಾಬ ಮೆತ್ತಿದ. ಮೊದಲ ಪದರ ಬಿರಿಯಿತು, ಮತ್ತೊಂದು ಕೊಟ್ಟೆವು. ಹುಲಗೆಮ್ಮ ಪಡಸಾಲೆಯಲ್ಲಿ ಒದ್ದೆ ಸೀರೆ ಹೊದ್ದು ಮಲಗಿದ್ದಾಳೆ. ಅಲ್ಲಿ ಬೆಂಕಿಯಂಥ ಸೆಕೆ. ಗೋಡೆ ಒಣಗಲು ಎಂಟು ದಿನ ಬೇಕು. ಹೆರಿಗೆಗೆ ಇನ್ನೂ ಹದಿನೈದು ದಿನ ಇದೆ ಎಂದು ಹಜರತಬೀ ಹೇಳಿದ್ದಾಳೆ. ಟೈಮ್ ಈಸ್ ದೇರ್.

20 ಏಪ್ರಿಲ್, ಮಧ್ಯಾಹ್ನ 2

ಟೈಮ್ ಇಲ್ಲ. ಬೆಳಿಗ್ಗೆಯೇ ಬೇನೆ ಶುರು. ಪಡಸಾಲೆಯಲ್ಲಿ ತಲೆ ಸುತ್ತಿ ಬಿದ್ದಳು. ಹಜರತಬೀ, ಮಕ್ಬುಲಸಾಬ ಇಬ್ಬರೂ ಹಿಡಿದು ಕೋಣೆಗೆ ಒಯ್ದರು. ಗೋಡೆಯ ಮೇಲ್ಭಾಗ ಒಣಗಿದೆ, ಕೆಳಭಾಗ ಹಸಿ. ಒಳಗೆ ಹೋಗಿ ಹೊರಗೆ ಬಂದ ಹಜರತಬೀ, “ತಂಪೈತ್ರಿ, ಭಾಳ ತಂಪೈತಿ,” ಅಂದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ.

4.40

ಹೆಣ್ಣು. ಅತ್ತಿತು. ಹುಲಗೆಮ್ಮ “ಅಪ್ಪಾ” ಅಂದದ್ದು ಕೇಳಿಸಿತು.

5.15

ಹಜರತಬೀ ಕೆಂಡ ಕೇಳಿದಳು. ಹಸಿ ಗೋಡೆಯ ಶೀತ ಕೂಸಿಗೆ ಆಗದು, ಈಗಲೇ ಬೇಕಂತೆ. ಹೊಸ್ತಿಲು ದಾಟಿ ನಾನೇ ಬೋಗುಣಿ ಇಟ್ಟೆ, ಕೋಣೆಯ ನಟ್ಟ ನಡುವೆ. ಗೋಡೆ ಹಸಿ ಇದ್ದರೆ ಬೆಂಕಿ ಹತ್ತುವುದಿಲ್ಲ. ಒಣಗಿದರೆ ಕೂಸಿಗೆ ಶೀತ ಇಲ್ಲ. ಎರಡರಲ್ಲಿ ಯಾವುದಕ್ಕೆ ದೇವರನ್ನು ಬೇಡಿಕೊಳ್ಳಬೇಕು, ಗೊತ್ತಾಗುತ್ತಿಲ್ಲ.

ಬಾಗಿಲ ಹತ್ತಿರ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಎರಡು ಕೊಡ ನೀರು. ಮಣ್ಣಿನಿಂದ ಹಬೆ ಏಳುತ್ತಿದೆ. ಹಬೆಯೇ, ಹೊಗೆಯಲ್ಲ. ಬಿಳಿ ಇದೆ, ವಾಸನೆ ಇಲ್ಲ. ಮಣ್ಣು ಬಿರಿದ ಮೂಲೆಯಲ್ಲಿ ಮಾತ್ರ ಸ್ವಲ್ಪ ಕಮಟು ವಾಸನೆ... ಹಜರತಬೀ ಕರೆಯುತ್ತಿದ್ದಾಳೆ, ಕೂಸನ್ನು ಹಿಡಿಯಬೇಕಂತೆ, ಮೊದಲು ಆ ಮೂಲೆ ನೋಡಿ ಬರುತ್ತೇನೆ.