ಗೆಂಟ್‌ನಲ್ಲಿ ಟ್ರಾಮ್ ನಿಲ್ಲುವ ತಿರುವು

ಪ್ರೀತಿಯ ಲಿಗಾಯಾ,

ಮೇ ತಿಂಗಳಲ್ಲಿ ಅಪ್ಪನನ್ನು ಕರೆದುಕೊಂಡು ಬರುತ್ತೇನೆ ಎಂದು ನೀನು ಬರೆದದ್ದನ್ನು ಓದಿ ಖುಷಿಯಾಯಿತು. ಕೊನೆಯ ಸಾಲಿಗೆ ಬಂದಾಗ ಆ ಖುಷಿ ನಿಂತುಹೋಯಿತು. 'ತಾತಾಯ್‌ಗೆ ಬ್ರಸೆಲ್ಸ್ ಬೇಡವಂತೆ, ಬ್ರೂಜ್ ಬೇಡವಂತೆ. ಗೆಂಟ್‌ನಲ್ಲಿ ಟ್ರಾಮ್ ನಿಲ್ಲೋ ಆ ತಿರುವು ಒಂದು ತೋರಿಸಿದ್ರೆ ಸಾಕಂತೆ' ಎಂದು ಅಪ್ಪನ ಬಗ್ಗೆ ಬರೆದಿದ್ದೀಯ. ಫೋನಿನಲ್ಲೇ ಹೇಳಿಬಿಡಬೇಕೆಂದು ಎರಡು ಸಲ ಹೊರಟೆ. ಎರಡು ಸಲವೂ ಚಳಿಯ ಬಗ್ಗೆ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ.

ಲುವೆನ್‌ನ ನಮ್ಮ ಶನಿವಾರಗಳು ನಿನಗೆ ನೆನಪಿರುತ್ತವೆ. ಶುಕ್ರವಾರ ಸಂಜೆ ಇಲ್ಲಿನ ವಿದ್ಯಾರ್ಥಿಗಳೆಲ್ಲ ಒಗೆಯುವ ಬಟ್ಟೆಯ ಸೂಟ್‌ಕೇಸ್ ಎಳೆದುಕೊಂಡು ತಂತಮ್ಮ ಮನೆಗೆ ಹೋದರೆ, ಉಳಿಯುತ್ತಿದ್ದವರು ಹೊರದೇಶದವರಾದ ನಾವು. ಹತ್ತು ಸಾಲಿನ ರೈಲು ಚೀಟಿ ಕೊಂಡು, ಒಂದೊಂದು ಸಾಲಿನಲ್ಲಿ ತಾರೀಖು, ಹತ್ತುವ ಊರು, ಇಳಿಯುವ ಊರು ಪೆನ್ನಿನಲ್ಲಿ ತುಂಬಿ, ವಾರಕ್ಕೊಂದು ಊರು ನೋಡಿ ಬರುತ್ತಿದ್ದೆವು. ನೀನು ಮಾತ್ರ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಚುತ್ತಿದ್ದೆ. ನಿಮ್ಮೂರು ಇಲೋಯಿಲೋದಲ್ಲಿ ಜನರನ್ನು ಹತ್ತಿಸಿಕೊಂಡು ಜೀಪ್ನಿ ಓಡಿಸುವ ಅಪ್ಪನಿಗೆ ಅದನ್ನು ಹೇಳಿರಲಿಲ್ಲ. 'ಮಗಳು ಯುರೋಪ್ ನೋಡ್ತಿದಾಳೆ ಅಂತ ಸ್ಟ್ಯಾಂಡಲ್ಲೆಲ್ಲ ಹೇಳ್ಕೊಂಡು ಓಡಾಡ್ತಿದಾರೆ. ಚಾದರ ಮಡಚ್ತಿದೀನಿ ಅಂತ ಹೆಂಗೆ ಹೇಳ್ಲಿ, ಆತೆ?' ಎಂದಿದ್ದೆ. ಆತೆ ಎಂದರೆ ನಿಮ್ಮಲ್ಲಿ ಅಕ್ಕ. ಎರಡೇ ವರ್ಷ ದೊಡ್ಡವಳಾದ ನನಗೆ ಅದನ್ನು ಕೇಳಿದಾಗಲೆಲ್ಲ ಯಾರಿಗೋ ಸೋದರತ್ತೆಯಾದಂತೆ ಅನಿಸುತ್ತಿತ್ತು.

ಹೀಗೆ ನೋಡುವುದು ನನ್ನ ಕೆಲಸವಾಯಿತು, ಹೇಳುವುದು ನಿನ್ನದು. ನಾನು ಬೂಟು ಬಿಚ್ಚುವ ಮೊದಲೇ ನೀನು ನೋಟ್‌ಬುಕ್ ತೆರೆಯುತ್ತಿದ್ದೆ. 'ಚರ್ಚ್ ಬಿಡು, ಅದು ಪುಸ್ತಕದಲ್ಲಿರತ್ತೆ. ಬಸ್ ಡ್ರೈವರ್ ಏನ್ ಹಾಕ್ಕೊಂಡಿದ್ದ? ಹಾರ್ನ್ ಹೊಡೀತಾನಾ?' ಭಾನುವಾರ ಅದೆಲ್ಲ ನೀನೇ ಕಂಡಂತೆ ಫೋನಿನಲ್ಲಿ ಅಪ್ಪನಿಗೆ ಹೋಗುತ್ತಿತ್ತು. ತುಂಬಿದ ಚೀಟಿಗಳು ಅಂಚೆಯಲ್ಲಿ ಹೋಗುತ್ತಿದ್ದವು. ಅಪ್ಪ ಎದುರು ಬರುವ ಪ್ರತಿ ಜೀಪ್ನಿಗೂ ಸ್ಟೇರಿಂಗಿನಿಂದ ಎರಡೇ ಬೆರಳು ಎತ್ತುವುದನ್ನು ನೀನು ತಟ್ಟೆ ಹಿಡಿದು ಮಾಡಿ ತೋರಿಸುತ್ತಿದ್ದೆ.

ಮಾರ್ಚ್‌ನ ಆ ಶನಿವಾರ ನಾನು ಗೆಂಟ್‌ಗೆ ಹೋಗಲಿಲ್ಲ, ಲಿಗಾಯಾ. ಚೀಟಿಯಲ್ಲಿ 'ಲುವೆನ್ – ಗೆಂಟ್' ಎಂದು ಬರೆದೆ. ರೈಲು ಬಂತು, ಹತ್ತಲಿಲ್ಲ. ಜ್ವರವಿರಲಿಲ್ಲ, ಯಾವ ಕಷ್ಟವೂ ಇರಲಿಲ್ಲ. ಇನ್ನೊಬ್ಬರಿಗಾಗಿ ನೋಡಿ ನೋಡಿ ಸಾಕಾಗಿತ್ತು, ಅಷ್ಟೆ. ಹೆವರ್ಲೆ ಕಾಡಿನಲ್ಲಿ ಕುಳಿತು ಬ್ರೆಡ್ ತಿಂದು, ಏನನ್ನೂ ಗಮನಿಸದೆ ದಿನ ಕಳೆದೆ. ಸಂಜೆ ಬಂದರೆ ನೀನು ಒಡೆದ ಬೆರಳುಗಳಿಗೆ ವ್ಯಾಸಲೀನ್ ಹಚ್ಚಿಕೊಂಡು ಪೆನ್ನು ಹಿಡಿದು ಕುಳಿತಿದ್ದೆ. ಹೋಗಲಿಲ್ಲ ಎನ್ನಲು ಬಾಯಿ ಬರಲಿಲ್ಲ. ಅದು ನಿನ್ನ ಮೇಲಿನ ಮರುಕವೋ, ನನ್ನ ಬೇಸರ ಮುಚ್ಚಿಕೊಳ್ಳುವ ಆತುರವೋ, ಇವತ್ತಿಗೂ ಗೊತ್ತಿಲ್ಲ. ನದಿ ಪಕ್ಕದ ಒಂದು ತಿರುವಿನಲ್ಲಿ ದಿನಾ ಮಧ್ಯಾಹ್ನ ಟ್ರಾಮ್ ನಿಲ್ಲುತ್ತದೆ, ಚಾಲಕ ಇಳಿದು ಯಾರದೋ ಕಿಟಕಿಯ ಹೂಕುಂಡಕ್ಕೆ ನೀರು ಹಾಕಿ ಮತ್ತೆ ಹತ್ತುತ್ತಾನೆ, ಒಬ್ಬ ಪ್ರಯಾಣಿಕನೂ ಗೊಣಗುವುದಿಲ್ಲ ಎಂದುಬಿಟ್ಟೆ. ನಿನ್ನ ಅಪ್ಪ ಅದನ್ನು ಎರಡು ಸಲ ಹೇಳಿಸಿಕೊಂಡು, 'ಊರು ಅಂದ್ರೆ ಅದು' ಎಂದರಂತೆ.

ಆ ಚೀಟಿ ಅವರ ಬಳಿ ಇನ್ನೂ ಇದ್ದರೆ ನೋಡು. ಗೆಂಟ್‌ನ ಸಾಲಿನ ಮೇಲೆ ಕಂಡಕ್ಟರನ ಮುದ್ರೆ ಇರುವುದಿಲ್ಲ.

ಇಪ್ಪತ್ತೊಂದು ವರ್ಷದಿಂದ ಇಲ್ಲೇ ಇದ್ದೇನೆ. ಗೆಂಟ್ ಒಂದು ಗಂಟೆಯ ದಾರಿ. ಹೋಗದಿರಲು ಪ್ರತಿ ಸಲ ಏನೋ ಒಂದು ಕಾರಣ ಸಿಗುತ್ತಿತ್ತು. ಕಳೆದ ಶನಿವಾರ ಹೋದೆ. ಟ್ರಾಮಿನ ಮುಂದಿನ ಸೀಟಿನಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ, ಓಡಿಸುತ್ತಿದ್ದ ಹೆಂಗಸನ್ನೇ ಕೇಳಿದೆ. 'ಗಿಡಕ್ಕೆ ನೀರಾ? ನನಗೆ ನೀರು ಕುಡಿಯೋಕೇ ಪುರುಸೊತ್ತಿಲ್ಲಮ್ಮ. ಯಾರು ಹೇಳಿದ್ದು ನಿಮಗೆ?' ಎಂದು ನಕ್ಕಳು. ನಾನೇ ಎನ್ನಲಿಲ್ಲ.

ವಾಪಸು ಬರುವಾಗ ಒಂದು ಕಂಡಿತು. ಎದುರಿನಿಂದ ಟ್ರಾಮ್ ಬಂದಾಗಲೆಲ್ಲ ಅವಳು ಹಿಡಿಕೆಯಿಂದ ಎರಡು ಬೆರಳು ಎತ್ತುತ್ತಿದ್ದಳು. ಆ ಕಡೆಯವರೂ ಎತ್ತುತ್ತಿದ್ದರು. ನಗುವಿಲ್ಲ, ಮಾತಿಲ್ಲ. ನಾನು ಕಟ್ಟಿದ ಕತೆಗಿಂತ ಇದು ಚಿಕ್ಕದು. ಆದರೆ ಇದೆ, ಮೇ ತಿಂಗಳಲ್ಲೂ ಇರುತ್ತದೆ.

ತಿರುವಿನ ಸುಳ್ಳು ನನ್ನದು, ಅದನ್ನು ತಾತಾಯ್ ಮುಂದೆ ನಾನೇ ಒಪ್ಪಿಕೊಳ್ಳುತ್ತೇನೆ. ಆದರೆ ಹಾಗಾದರೆ ಆ ಶನಿವಾರಗಳಲ್ಲಿ ನೀನೆಲ್ಲಿದ್ದೆ ಎಂದು ಅವರು ನಿನ್ನನ್ನು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ನೀನೇ ಕೊಡಬೇಕು. ಯೋಚಿಸಲು ಸಮಯವಿರಲೆಂದು ಈಗಲೇ ಬರೆದೆ. ಬೇಡವೆಂದರೆ, ಆ ಚಾಲಕ ನಿವೃತ್ತನಾದ ಎಂದು ಹೇಳಿಬಿಡಬಹುದು. ಇನ್ನೊಂದು ಸುಳ್ಳಿಗೆ ನಾನು ತಯಾರಿಲ್ಲ ಎಂದು ಬರೆಯುವ ಆಸೆ. ನಿಜ ಹೇಳಬೇಕೆಂದರೆ, ನಿನಗಾಗಿ ತಯಾರಿದ್ದೇನೆ.

ಏನೇ ತೀರ್ಮಾನಿಸಿದರೂ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸೋಣ. ನಾವಿಬ್ಬರೂ ಹಿಂದೆ ಕೂರೋಣ, ಏನೂ ಹೇಳುವುದು ಬೇಡ. ಎದುರಿನ ಟ್ರಾಮ್ ಬಂದಾಗ ಅವರ ಕೈಯನ್ನು ಮಾತ್ರ ನೋಡೋಣ.

ನಿನ್ನ ಬೆರಳುಗಳು ವಾಸಿಯಾಗಿ ಎಷ್ಟೋ ವರ್ಷವಾಗಿರಬೇಕು. ಹಾಗೇ ಇರಲಿ. ಇಬ್ಬರೂ ಕ್ಷೇಮವಾಗಿ ಬಂದಿಳಿಯಿರಿ.

ನಿನ್ನ ಆತೆ,
ಸುಚೇತಾ