ಹನ್ನೊಂದು ಮೊಳೆ

ಹನುಮಂತನಗರ, ಬೆಂಗಳೂರು-19
22-11-1982

ಪ್ರೀತಿಯ ಅಕ್ಕನಿಗೆ ಜಯದೇವಿಯ ಶರಣು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೀಲಿಲ್ಲ, ಬೈಕೋಬೇಡ. ಬರೆಯೋಕೆ ಕೂತರೆ ಒಂದು ಸಾಲಿಗೇ ಎದ್ದು ಒಳಗೂ ಹೊರಗೂ ಓಡಾಡ್ತೀನಿ. ಇವತ್ತು ಇವರು ಆಫೀಸಿಗೆ ಹೋಗಿದ್ದಾರೆ, ಮುಗಿಸಿಯೇ ಏಳ್ತೀನಿ.

ಚಿತ್ರಪ್ರದರ್ಶನ ಹೇಗಾಯ್ತು ಅಂತ ಕೇಳಿದ್ದೀಯ. ಅಕ್ಕ, ಚಿತ್ರಗಳೇ ಬರಲಿಲ್ಲ! ಕಟ್ಟು ಹಾಕಿಸೋಕೆ ಹನ್ನೊಂದನ್ನೂ ಜಯನಗರದ ದಾಸಪ್ಪನ ಅಂಗಡೀಲಿ ಕೊಟ್ಟಿದ್ದೆ. ಪ್ರದರ್ಶನದ ಭಾನುವಾರ ಬೆಳಿಗ್ಗೆ ನೇರ ಮಹಿಳಾ ಸಂಘದ ಹಾಲ್‌ಗೇ ತಂದುಕೊಡ್ತೀನಿ ಅಂದಿದ್ದ. ಹತ್ತು ಗಂಟೆಯಾದರೂ ಸುಳಿವಿಲ್ಲ. ಓಡಿಹೋಗಿ ನೋಡಿದರೆ ಬೀಗ. 'ನಿನ್ನೇನೇ ಊರಿಗೆ ಹೋದ್ರಲ್ಲ ಮೇಡಂ' ಅಂದ ಪಕ್ಕದ ಟೈಲರ್.

ವಾಪಸ್ ಬಂದರೆ ಆಗಲೇ ನಲವತ್ತು ಜನ. ಗೋಡೆ ಮೇಲೆ ಬರೀ ಮೊಳೆ, ಕೆಳಗೆ ನಾನು ಅಂಟಿಸಿದ್ದ ಹೆಸರಿನ ಚೀಟಿ. ನಮ್ಮ ಸಂಘದ ಅಧ್ಯಕ್ಷೆ ಪಾರ್ವತಮ್ಮ, 'ಕಾಫಿ ಕೊಟ್ಟು ಕಳಿಸಿಬಿಡೋಣ ಜಯಾ' ಅಂದರು. ಅಳು ಬರಬೇಕಿತ್ತು, ಬರಲಿಲ್ಲ. ಹತ್ತು ವರ್ಷ ಅಡುಗೆಮನೆ ನೆಲದ ಮೇಲೆ ಕೂತು ಬರೆದವು, ಒಂದೊಂದು ಗೆರೆಯೂ ಗೊತ್ತು. ಸೆರಗು ಸಿಕ್ಕಿಸಿ ಮೊದಲನೇ ಮೊಳೆ ಕೆಳಗೆ ನಿಂತೆ.

'ಇಲ್ಲೊಬ್ಬಳು ನಲ್ಲಿ ಮುಂದೆ ನಿಂತಿದ್ದಾಳೆ' ಅಂದು, ಇಲ್ಲದ ಕೊಡ ಸೊಂಟಕ್ಕೇರಿಸಿ ಅವಳ ಹಾಗೇ ಜಗಳ ತೆಗೆದೆ. ಯಾರೋ ನಕ್ಕರು. ಆಮೇಲೆ ಬಸ್ಸಲ್ಲಿ ಮಗು ಅಪ್ಪಿಕೊಂಡೇ ನಿದ್ದೆ ಹೋದವಳಾದೆ. ಜನ ಮೊಳೆಯಿಂದ ಮೊಳೆಗೆ ನನ್ನ ಹಿಂದೆಯೇ ಬಂದರು.

ಆರನೇದು ಮುನಿಯಕ್ಕ, ನಮ್ಮ ಬಸ್‌ಸ್ಟಾಪಿನಲ್ಲಿ ಹೂ ಮಾರೋಳು. ಕುಕ್ಕರಗಾಲಲ್ಲಿ ಕೂತು ಮೊಳ ಅಳೀತಿದ್ದೆ. ಹಿಂದಿನಿಂದ ಅವಳದೇ ದನಿ: 'ಎದ್ದೇಳಮ್ಮ! ನಾನು ಹಂಗಾ ಕೂತ್ಕೊಳೋದು?' ಕರೆದಿದ್ದೆ ನಿಜ; ಬರ್ತಾಳೆ ಅಂದುಕೊಂಡಿರಲಿಲ್ಲ. ನನ್ನನ್ನ ಪಕ್ಕಕ್ಕೆ ಸರಿಸಿ, ಕಾಲು ಚಾಚಿ ಕೂತಳು. 'ಮಂಡಿ ಮಡಚೋಕಾಗದೆ ಆರು ವರ್ಷ ಆಯ್ತು. ದಿನಾ ಹೂ ತಗೊಳ್ತೀಯ, ನನ್ನ ಕಾಲು ನೋಡೇ ಇಲ್ವಾ?'

ಅವಳ ಕಾಲು ನಾನು ಬರೆದೇ ಇರಲಿಲ್ಲ ಅಕ್ಕ, ಹೂಬುಟ್ಟಿ ಅಡ್ಡ ಇಟ್ಟಿದ್ದೆ. ಎಲ್ಲರ ಮುಂದೆ ಹಾಗೇ ಹೇಳಿದೆ. 'ಈಗ ಬರಿ' ಅಂದಳು. ಆಹ್ವಾನಪತ್ರಿಕೆಯ ಹಿಂದೆ ಪೆನ್ಸಿಲ್ಲಲ್ಲಿ ಬರೆದೆ. ಅವತ್ತು ಗೋಡೆ ಮೇಲೆ ತೂಗಿದ್ದು ಅದೊಂದೇ. ಮುನಿಯಕ್ಕ ಹೊರಡೋವಾಗ ಎರಡು ಸಲ ತಿರುಗಿ ನೋಡಿದಳು.

ಭಾವನವರಿಗೆ ನನ್ನ ಶರಣು ಹೇಳು. ಮಕ್ಕಳು ಚೆನ್ನಾಗಿ ಓದಲಿ, ನೂರು ಕಾಲ ನಗ್ತಾ ಇರಲಿ.

ನಿನ್ನ ತಂಗಿ
ಜಯದೇವಿ

ತಾ.ಕ.: ಹೋದ ವಾರ ದಾಸಪ್ಪ ಸಿಕ್ಕ. 'ಆ ಶನಿವಾರ ನಿಮ್ಮ ಯಜಮಾನರೇ ಬಂದು, ಪ್ರದರ್ಶನ ಮುಂದಕ್ಕೆ ಹೋಯ್ತು ಅಂದ್ರಲ್ಲಮ್ಮ, ಅದಕ್ಕೇ ಊರಿಗೆ ಹೋದೆ' ಅಂದ. ಇವರನ್ನ ಕೇಳಿದೆ. ಪೇಪರಿನಿಂದ ತಲೆ ಎತ್ತದೆ, 'ನಾಲ್ಕು ಜನರ ಮುಂದೆ ನೀನು ನಗೆಪಾಟಲಾಗಬಾರದು ಅಂತ' ಅಂದರು. ಉಪ್ಪಿಟ್ಟು ಬಡಿಸಿದೆ. ಚಿತ್ರಗಳು ಇನ್ನೂ ಅಂಗಡೀಲೇ ಇವೆ. ದಿನಾ ಹೋಗಿ ನೋಡ್ಕೊಂಡು ಬರ್ತೀನಿ. 'ತಗೊಂಡು ಹೋಗಮ್ಮ' ಅಂತಾನೆ ದಾಸಪ್ಪ. ಎಲ್ಲಿಗೆ ಅಕ್ಕ?